ಅಕ್ಕನ ಬದನೆ ಸಸಿ

ಗಂಡ ಸತ್ತ ಮೇಲೆ ಅಕ್ಕ ಹಿಪ್ಪರಗಿಯಿಂದ ತವರಿಗೆ, ಮುಧೋಳದ ಹತ್ತಿರದ ನಮ್ಮೂರಿಗೆ, ಬಂದಳು. ಬಂದ ಮರುದಿನವೇ ಕಸಬರಿಗೆ ಹಿಡಿದಳು. ತಮ್ಮನ ಮನೆಯ ರೊಟ್ಟಿಯನ್ನು ಪುಕ್ಕಟೆ ತಿನ್ನಬಾರದು ಎಂಬುದೊಂದೇ ಅವಳ ಹಟ. ನಾನು ಸಾಲಿ ಮಾಸ್ತರ. ಮಾತು ಹೆಚ್ಚು, ಕೈಕೆಲಸ ಕಡಿಮೆ. ಊರಿಗೆ ಮೊದಲು ಗೋಬರ್ ಗ್ಯಾಸ್ ಕಟ್ಟಿಸಿದವನೆಂಬ ಸೊಕ್ಕು ಬೇರೆ.

ನಮ್ಮ ಒಲೆ ನೀಲಿಯಾಗಿ ಉರಿಯುವುದನ್ನು ನೋಡಲು ಜನ ಬರುತ್ತಿದ್ದರು. ಗ್ಯಾಸು ಬಿಟ್ಟ ಮೇಲೆ ಹಿತ್ತಲಿನ ಗುಂಡಿಗೆ ಬಂದು ಬೀಳುವ ಸಗಣಿ ರಾಡಿಯನ್ನು ಮಾತ್ರ ಯಾರೂ ನೋಡುತ್ತಿರಲಿಲ್ಲ. ಅಕ್ಕ ನೋಡಿದಳು. ಮೊದಲು ಹಸಿ ರಾಡಿಯನ್ನೇ ಹಿತ್ತಲಲ್ಲಿ ತಾನು ಹಾಕಿದ್ದ ಬದನೆ ಸಸಿಗಳಿಗೆ ಸುರಿದು ಅಷ್ಟನ್ನೂ ಕಳೆದುಕೊಂಡಳು. ಆಮೇಲೆ ಅದನ್ನು ಒಣಗಿಸಿ, ಕಬ್ಬಿನ ಒಣಗರಿಯ ರವದಿ ಸಣ್ಣಗೆ ಕತ್ತರಿಸಿ ಬೆರೆಸಿ, ಗೋಣಿತಟ್ಟು ಹೊಚ್ಚಿ, ಆಗಾಗ ತಿರುವಿ ಹಾಕುತ್ತ ತಿಂಗಳುಗಟ್ಟಲೆ ಕಾದಳು. ಕೊನೆಗೆ ಚಹಾಪುಡಿಯಂತೆ ಉದುರುವ ಕರಿ ಹುಡಿಯಾಯಿತು. ಅದಕ್ಕೆ ಹೊಳೆಯ ಮರಳು ಕೂಡಿಸಿ, ಹಳೆಯ ಡಬ್ಬಿ, ಹರಿದ ಬುಟ್ಟಿಗಳಲ್ಲಿ ತುಂಬಿ ಬದನೆ ಬೀಜ ಹಾಕಿದಳು. ಗಟ್ಟಿ ಕಾಂಡದ ಸಸಿಗಳು. ಕೀಳುವಾಗ ಬೇರು ಹರಿಯುತ್ತಿರಲಿಲ್ಲ. ಎರಡು ಹಂಗಾಮು ಜನ ಬಾಗಿಲಿಗೇ ಬಂದು ಕೊಂಡೊಯ್ದರು. ಅಕ್ಕ ತನ್ನ ಸೀರೆ ತಾನೇ ಕೊಂಡಳು. ಅಲ್ಲಿಯವರೆಗೆ ಒಂದೇ ರೊಟ್ಟಿಗೆ ಏಳುತ್ತಿದ್ದವಳು ಊಟಕ್ಕೆ ಕೂತಾಗ ಎರಡನೇ ರೊಟ್ಟಿ ಕೇಳಿ ಹಾಕಿಸಿಕೊಳ್ಳತೊಡಗಿದಳು.

ಆಗ ನಾನು ಪಾಯಖಾನೆ ಕಟ್ಟಿಸಿ, ಅದರ ಕೊಳವೆಯನ್ನು ಗ್ಯಾಸಿನ ಗುಂಡಿಗೇ ಕೂಡಿಸಿದೆ. ಅಕ್ಕನನ್ನು ಕೇಳಬೇಕೆಂದು ಹೊಳೆಯಲೂ ಇಲ್ಲ. ಅವಳು ಆ ರಾಡಿಯನ್ನು ಇನ್ನೂ ಹೆಚ್ಚು ದಿನ ಕೊಳೆಹಾಕಿ ಮುಂದಿನ ಹಂಗಾಮಿಗೆ ಸಸಿ ಮಾಡಿದಳು.

ಹಿಟ್ಟಿನ ಗಿರಣಿಯ ಮುಂದೆ ಒಬ್ಬ ರೈತ ಕೇಳಿದ: "ಮಾಸ್ತರ, ನಿಮ್ಮ ಗ್ಯಾಸಿಗೆ ಪಾಯಖಾನಿನೂ ಕೂಡಸೀರಂತ, ಖರೆ ಏನ್ರಿ?"

"ಖರೆ," ಎಂದೆ. ಅಷ್ಟಕ್ಕೇ ಬಾಯಿ ಮುಚ್ಚಲಿಲ್ಲ. ಎಲ್ಲ ಕೊಳೆತು ಮಣ್ಣಾಗುತ್ತದೆ, ಹೇಸುವುದು ಬರೀ ಅಜ್ಞಾನ ಎಂದು ಅರ್ಧ ತಾಸು ಪಾಠ ಮಾಡಿದೆ. ಹೆಂಗಸರು ಸೆರಗು ಮೂಗಿಗೆ ಒತ್ತಿಕೊಂಡು ಕೇಳಿದರು.

ಮರುದಿನದಿಂದ ಸಸಿ ಕೊಳ್ಳಲು ಒಬ್ಬರೂ ಬರಲಿಲ್ಲ. ಒಯ್ದ ಸಸಿಗಳನ್ನು ತಂದು ನಮ್ಮ ಕಟ್ಟೆಯ ಮೇಲೆ ಇಟ್ಟುಹೋದವರೂ ಇದ್ದರು. ಅಕ್ಕ ಅವನ್ನೆಲ್ಲ ಹಿತ್ತಲಲ್ಲಿ ನೆಟ್ಟಳು.

ಗಿಡಗಳು ಜಗ್ಗುವಷ್ಟು ಕಾಯಿ ಬಿಟ್ಟವು. ಒಂದು ಮಧ್ಯಾಹ್ನ ಗುರೆಳ್ಳು ಪುಡಿ ತುಂಬಿ ಎಣ್ಣೆಗಾಯಿ ಮಾಡಿ ನನ್ನ ತಾಟಿಗೆ ಹಾಕಿದಳು.

"ತಿನ್ನೋ ತಮ್ಮಾ. ಮಾಸ್ತರ ತಿಂದ ಅಂದ್ರ ಊರಾಗ ನಾಕು ಮಂದಿ ನಂಬ್ತಾರ."

ರೊಟ್ಟಿ ಮುರಿದೆ. ತುತ್ತು ಬಾಯಿಯವರೆಗೂ ಬಂತು. ಅಷ್ಟರಲ್ಲಿ ಪಾಯಖಾನೆಯ ಕೊಳವೆ ನೆನಪಾಯಿತು.

"ಹೊಟ್ಟಿ ಬರೋಬರಿ ಇಲ್ಲಕ್ಕಾ," ಎಂದು ತುತ್ತನ್ನು ತಾಟಿನ ಅಂಚಿಗಿಟ್ಟೆ.

ಅಕ್ಕ ನನ್ನ ಮುಖ ನೋಡಲಿಲ್ಲ, ತಾಟು ನೋಡಿದಳು. "ಆತು ಬಿಡು," ಎಂದಳು. ನಾನು ಬಿಟ್ಟಿದ್ದನ್ನು ಎಳೆದುಕೊಂಡು, ನನ್ನೆದುರೇ ಕೂತು ಅಷ್ಟನ್ನೂ ತಿಂದಳು.

ಆ ವಾರವೇ ರಬಕವಿಗೆ ಹೋದಳು, ಯಾರದೋ ಮಗ್ಗದ ಮನೆಯಲ್ಲಿ ಲಾಳಿಯ ಕಂಡಿಕೆಗೆ ನೂಲು ಸುತ್ತುವ ಕೂಲಿಗೆ. ಊರವರ ಅಜ್ಞಾನವನ್ನು ಬೈದವನು ನಾನೇ. ಆ ತುತ್ತು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ಮುಂದೆ ಹಬ್ಬಕ್ಕೆಂದು ಬಂದಾಗಲೂ ಅಕ್ಕ ನಮ್ಮ ಮನೆಯಲ್ಲಿ ಒಂದೇ ರೊಟ್ಟಿ ಉಂಡು ಕೈ ತೊಳೆಯುತ್ತಿದ್ದಳು.