ಸೊಣ್ಣಮ್ಮ ಕೊಟ್ಟ ಸೀಸೆ

ಸಾರಕ್ಕಿಯ ಸೊಣ್ಣಮ್ಮ ಹೆದರುವ ಹೆಂಗಸಲ್ಲ. ಹಾವು ಕಂಡರೆ ಕೋಲು ತರುತ್ತಿದ್ದಳು. ಅರವತ್ತೆರಡನೇ ಇಸವಿಯಲ್ಲಿ ಅವಳಿಗೂ ಹೆದರಿಕೆ ಹತ್ತಿತು.

ಗಂಡ ತಿಮ್ಮರಾಯಪ್ಪ ತೋಟದಲ್ಲಿ ಕಾಲಿಗೆ ಗುದ್ದಲಿ ತಗಲಿಸಿಕೊಂಡ. ಮೂರು ವಾರವಾದರೂ ಗಾಯ ಒಣಗಲಿಲ್ಲ. ಅವನ ಅಣ್ಣ ರಾಮಯ್ಯನಿಗೂ ಹೀಗೇ ಆಗಿತ್ತು. ಸಕ್ಕರೆ ಕಾಯಿಲೆ. ಮೊದಲು ಬೆರಳು ತೆಗೆದರು, ಆಮೇಲೆ ಮಂಡಿವರೆಗೆ ಕಾಲು, ಆಮೇಲೆ ಅವನೇ ಹೋದ.

ಜಯನಗರದ ಡಾಕ್ಟರ್ ಅನಂತರಾಮು ಗಾಯ ನೋಡಿ, "ನಾಳೆ ಬೆಳಗಿನ ಮೂತ್ರ ಸೀಸೆಯಲ್ಲಿ ತನ್ನಿ" ಅಂದರು. ಮನೆಯಲ್ಲಿ ಖಾಲಿ ಸೀಸೆ ಒಂದೇ ಇತ್ತು. ಸೊಣ್ಣಮ್ಮ ಅದನ್ನೇ ಕೊಟ್ಟಳು.

ಡಾಕ್ಟರು ಗಾಜಿನ ಕೊಳವೆಯಲ್ಲಿ ನೀಲಿ ನೀರಿಗೆ ಎಂಟು ತೊಟ್ಟು ಮೂತ್ರ ಬಿಟ್ಟು ದೀಪದ ಮೇಲೆ ಕಾಯಿಸಿದರು. ನೀಲಿಯೇ ಉಳಿದರೆ ಸಕ್ಕರೆ ಇಲ್ಲ, ಹಸಿರಾದರೆ ಸ್ವಲ್ಪ, ಇಟ್ಟಿಗೆ ಬಣ್ಣ ಬಂದರೆ ಜಾಸ್ತಿ ಅಂದರು. ಹೇಳಿ ಮುಗಿಸುವಷ್ಟರಲ್ಲಿ ಇಟ್ಟಿಗೆ ಬಣ್ಣ ಬಂತು.

ಅವತ್ತಿಂದ ಮುದ್ದೆ ಅರ್ಧವಾಯಿತು. ಬೆಲ್ಲ ನಿಂತಿತು. ದಿನಾ ಹಾಗಲಕಾಯಿ ರಸ. ಅವನು ಮಲಗಿದಾಗ ಸೊಣ್ಣಮ್ಮ ಕಂಬಳಿ ಸರಿಸಿ ಎರಡು ಕಾಲೂ ಇದೆಯಾ ಅಂತ ನೋಡುವಳು.

ತಿಂಗಳಾದ ಮೇಲೆ ಪಕ್ಕದ ಮನೆ ಮಂಗಮ್ಮ ಮಗುವಿನ ಕೆಮ್ಮಿಗೆ ಜೇನು ಕೇಳಿಕೊಂಡು ಬಂದಳು.

"ಮುಗಿದೋಯ್ತು ಕಣಕ್ಕ."

"ಸೀಸೆನಾದ್ರೂ ಕೊಡೆ. ತಳದಲ್ಲಿ ಅಂಟಿರ್ತದೆ, ಬಿಸಿನೀರು ಹಾಕಿ ಕುಡಿಸ್ತೀನಿ."

ಸೀಸೆ ತರಲು ಎದ್ದಾಗ ಸೊಣ್ಣಮ್ಮನಿಗೆ ನೆನಪಾಯಿತು. ಡಾಕ್ಟರಿಗೆ ಹೋಗಿದ್ದು ಅದೇ ಸೀಸೆ. ಉಚ್ಚೆ ಹಾಕೋ ಸೀಸೆ ಯಾಕೆ ತೊಳೀಬೇಕು ಅಂತ ಹಾಗೇ ಕೊಟ್ಟಿದ್ದಳು.

ಖುಷಿಯಾಗಬೇಕಿತ್ತು. ಆಗಲಿಲ್ಲ. ಇನ್ನೊಂದು ಸಲ ನೋಡಿಸಿ, ಮತ್ತೆ ಅದೇ ಬಣ್ಣ ಬಂದರೆ? ಮೂರು ದಿನ ಬಾಯಿ ಬಿಡಲಿಲ್ಲ. ನಾಲ್ಕನೇ ದಿನ ಅವನು ಕಣ್ಣು ಮುಚ್ಚಿಕೊಂಡು ರಸದ ಲೋಟ ಎತ್ತಿದ. ನೋಡಲಾರದೆ ಹೇಳಿಬಿಟ್ಟಳು.

ಈ ಸಲ ಸೀಸೆ ಕುದಿಸಿ ಕೊಟ್ಟಳು. ತಾನೂ ಜೊತೆಗೆ ಹೋದಳು. ಕೊಳವೆಯಲ್ಲಿ ಗುಳ್ಳೆ ಬಂತು. ಅವಳು ಕಿಟಕಿಯ ಕಂಬಿ ಹಿಡಿದು ನಿಂತಳು. ನೀಲಿ ನೀಲಿಯಾಗಿಯೇ ಉಳಿಯಿತು.

"ಸಕ್ಕರೆ ಇಲ್ಲ" ಅಂದರು ಡಾಕ್ಟರು. "ಮೊದಲು ತಂದ ಸೀಸೆಯಲ್ಲಿ ಏನಿತ್ತಮ್ಮ?"

"ಜೇನು, ಸಾರ್."

"ಜೇನು ನೀನು ತಿಂದೆ, ಹಾಗಲ ನಾನು ಕುಡಿದೆ, ಅಲ್ವೇನೆ" ಅಂದ ತಿಮ್ಮರಾಯಪ್ಪ.

ಅವಳು ನಗಲಿಲ್ಲ. ಮಧ್ಯಾಹ್ನ ಎರಡು ಮುದ್ದೆ ಇಕ್ಕಿದಳು. ಅವನು ಉಣ್ಣುವಾಗ ಕಾಲನ್ನೇ ನೋಡುತ್ತಾ ಕೂತಳು. ಗಾಯದ ಅಂಚು ಒಣಗಿತ್ತು. ನಡುವೆ ಇನ್ನೂ ಹಸಿ ಇತ್ತು.