ಹನೀಫ್ ಮರೆತ ಒಂದು ಡಬ್ಬಿ

ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೆ ಬೆಳಕು ಇನ್ನೂ ಪೂರ್ತಿ ಇಳಿದಿಲ್ಲ. ಶೀತಲಗೃಹದ ಬಾಗಿಲಿನಿಂದ ಹೊರಬಿದ್ದ ತಣ್ಣನೆಯ ಹಬೆ ಕೆಂಪು ಧೂಳಿನಲ್ಲಿ ಬೆರೆತು, ದೀಪಗಳೆಲ್ಲ ನಿದ್ದೆಗಣ್ಣಿನಲ್ಲಿರುವಂತೆ ಕಾಣುತ್ತಿವೆ. ಆ ಮಬ್ಬಿನಲ್ಲಿ ಮಹಮ್ಮದ್ ಹನೀಫ್ ಏಣಿ ಹತ್ತಿ, ಗೋಡೆಯ ಮೇಲಿನ ಸಣ್ಣ ಬಿಳಿ ಡಬ್ಬಿಯೊಂದನ್ನು ಒರೆಸುತ್ತಿದ್ದಾರೆ. ಅದರ ಹಸಿರು ದೀಪ ಮಿಣುಕುತ್ತದೆ. "ಎದ್ದಿ ಏನಪಾ?" ಎಂದು ಅದನ್ನೇ ಕೇಳಿ ಕೆಳಗಿಳಿಯುತ್ತಾರೆ. ಅವರ ಕೆಲಸ ನೋಡಲು ಬಂದ ನಾನು ಘಾಟಿಗೆ ಸೀನುತ್ತ ನಿಂತಿದ್ದೇನೆ. ಈ ಮನುಷ್ಯನಿಗೆ ಮೂಗೇ ಇಲ್ಲವೇನೋ!

ಫ್ಯಾನ್ ರಿಪೇರಿ ಮಾಡಿಕೊಂಡಿದ್ದ ಹನೀಫ್ ಈ ಕೆಲಸಕ್ಕೆ ಬಂದದ್ದು 2004ರಲ್ಲಿ, ವ್ಯಾಪಾರಿ ವಿರೂಪಾಕ್ಷಪ್ಪ ತಮ್ಮ ಅಂಗಡಿಗೆ ಕಂಪ್ಯೂಟರುಗಳನ್ನು ತಂತಿಯಿಲ್ಲದೆ ಜೋಡಿಸುವ ವೈರ್‌ಲೆಸ್ ಹಾಕಿಸಿದಾಗ. ಆಗ ಇಂಥ ಡಬ್ಬಿ ಮೂರೇ. ಐದು ವರ್ಷದಲ್ಲಿ ಗೋದಾಮು, ಎರಡು ಶೀತಲಗೃಹ ಎದ್ದು ಈಗ ಹದಿನೇಳಾಗಿವೆ. ಯಾವ ಮೂಲೆಯಲ್ಲಿ ಚೀಲ ಇಳಿದರೂ ಅದರ ವಿವರ ಗಾಳಿಯಲ್ಲೇ ಅಂಗಡಿಗೆ ತಲುಪುತ್ತದೆ. ಆದರೆ ಪ್ರತಿ ಡಬ್ಬಿಯೂ ತನ್ನಷ್ಟಕ್ಕೆ ತಾನು. ಗುಮಾಸ್ತನೊಬ್ಬ ಕೆಲಸ ಬಿಟ್ಟರೆ ಸಾಕು, ಪಾಸ್‌ವರ್ಡ್ ಬದಲಿಸಲು ಹನೀಫ್ ಲ್ಯಾಪ್‌ಟಾಪ್ ಹೊತ್ತು ಎಲ್ಲ ಕಡೆಯೂ ತಿರುಗಬೇಕು.

"ಕನಸಿನ್ಯಾಗೂ ಹಸರ ದೀಪ ಕಾಣ್ತಾವ್ರಿ. ಒಂದೊಂದ ನೋಡ್ಕೋಂತ ಹೋಗ್ತೇನಿ. ಕಡೀದು ಸಿಗೂದ ಇಲ್ಲ," ಎಂದು ನಗುತ್ತಾರೆ.

ಕಳೆದ ತಿಂಗಳು ಎಚ್ಚರದಲ್ಲೇ ಹಾಗಾಯಿತು. ಕಂಪ್ಯೂಟರುಗಳಿಗೆಲ್ಲ ಹೊಸ ಪಾಸ್‌ವರ್ಡ್ ಕೊಟ್ಟ ಹನೀಫ್, ಎರಡನೇ ಶೀತಲಗೃಹದ ಬಾಗಿಲ ಡಬ್ಬಿಯಲ್ಲಿ ಮಾತ್ರ ಅದನ್ನು ಬದಲಿಸಲು ಮರೆತಿದ್ದರು. ಕಾಗಿನೆಲೆಯ ರೈತ ಮಹಿಳೆ ಸಿದ್ದವ್ವ ಮೆಣಸಿನಕಾಯಿ ಚೀಲ ತಂದಾಗ ಅಲ್ಲಿನ ಕಂಪ್ಯೂಟರಿಗೆ ಸಂಪರ್ಕವೇ ಇಲ್ಲ. ನಮೂದಾಗದೆ ಚೀಲ ಒಳಗೆ ಬಿಡುವುದಿಲ್ಲವೆಂದು ಗುಮಾಸ್ತ ಪಟ್ಟು ಹಿಡಿದ. ಎಲ್ಲಿ ಕೆಟ್ಟಿದೆಯೆಂದು ತಿಳಿಯದೆ ಹನೀಫ್ ಅಂಗಡಿಯಿಂದಲೇ ಒಂದೊಂದೇ ಡಬ್ಬಿ ನೋಡುತ್ತ ಬರುವಷ್ಟರಲ್ಲಿ ಅಕಾಲದ ಮಳೆ ಬಿದ್ದು ಚೀಲಗಳು ತೋಯ್ದವು. ನೀರು ತಾಗಿದ ಕಾಯಿಯ ಬಣ್ಣ ಕೆಡುತ್ತದೆ. ಬ್ಯಾಡಗಿಯಲ್ಲಿ ಬೆಲೆಯಿರುವುದೇ ಬಣ್ಣಕ್ಕೆ.

"ಆಕಿ ಬೈದಿದ್ರ ಚಲೋ ಇತ್ರಿ. ಸುಮ್ನ ಕುಂತು ಸೆರಗಿಲೆ ಕಾಯಿ ಒರಸಾಕತ್ತಿದ್ಲು," ಎನ್ನುವಾಗ ಹನೀಫರ ದನಿ ಇಳಿಯುತ್ತದೆ.

ಎಲ್ಲ ಡಬ್ಬಿಗಳನ್ನೂ ಒಂದೇ ಕಡೆ ಕುಳಿತು ನೋಡಿಕೊಳ್ಳುವ ಯಂತ್ರವೊಂದು ಬಂದಿದೆಯಂತೆ. ಅದನ್ನು ತರಿಸುವುದೋ ಬೇಡವೋ ಎಂಬುದನ್ನು ವಿರೂಪಾಕ್ಷಪ್ಪ ಹನೀಫರಿಗೇ ಬಿಟ್ಟರು. "ಅದು ಬಂದ್ರ ನಿನಗ ವಾರಕ್ಕ ಎರಡ ದಿನಾ ಅಷ್ಟ ಕೆಲಸ. ನೀ ಬ್ಯಾಡಂದ್ರ ತರಸೂದಿಲ್ಲ, ನೋಡಪಾ," ಎಂದರು.

ಮನೆಯಲ್ಲಿ ಮಕ್ಕಳು ಇನ್ನೂ ಶಾಲೆಗೆ ಹೋಗುತ್ತಿದ್ದಾರೆ. ಹನೀಫ್ ಒಂದೆರಡು ದಿನ ಇಳಿಯುವ ಪಗಾರದ ಲೆಕ್ಕ ಹಾಕಿದರು. ಆಮೇಲೆ ತಾವಾಗಿಯೇ ಹೋಗಿ ಹೇಳಿದರು: "ತರಸ್ರಿ ಸಾವಕಾರ್ರ. ಡಬ್ಬಿ ಮೂರ ಇದ್ದಾಗ ನನ್ನ ಕಾಲು, ನನ್ನ ನೆಪ್ಪು ಸಾಕಾಗಿದ್ವು. ಇನ್ನ ಆಗಂಗಿಲ್ಲ."

ಮುಂದಿನ ವಾರ ಯಂತ್ರ ಬರುತ್ತದೆ. ಈ ಮಬ್ಬು ಬೆಳಗಿನ ತಿರುಗಾಟ ಮುಗಿಯುತ್ತದೆ, ಪಗಾರವೂ ಇಳಿಯುತ್ತದೆ. ಬೇಸರವಿಲ್ಲವೇ ಎಂದು ಕೇಳುತ್ತೇನೆ. ಗೇಟಿನಾಚೆ ಚೀಲ ಹೊತ್ತ ಟ್ರ್ಯಾಕ್ಟರುಗಳು ನಿಂತಿವೆ. ಹನೀಫ್ ಅವನ್ನೇ ನೋಡುತ್ತಾರೆ.

"ಐತ್ರಿ, ಯಾಕಿಲ್ಲ? ಆದ್ರ ನಾ ಮರತದ್ದಕ್ಕ ಇನ್ನೊಬ್ರ ಮಾಲು ತೋಯಬಾರ್ದು. ಅಷ್ಟಾದ್ರ ಸಾಕು."