ಹುಲಿದೇವರಿಗೆ ಸುದ್ದಿ ಹೇಳುತ್ತಿದ್ದವಳು

ಬೆಳಿಗ್ಗೆ ನೀರು ತುಂಬಿಸಿ, ಯಜಮಾನರನ್ನು ಹೋಟೆಲ್ ಕೆಲಸಕ್ಕೆ ಕಳಿಸಿ, ಬಟ್ಟೆ ಒಣಹಾಕಿ, ಗ್ಯಾಸಿನವನಿಗೆ ಫೋನ್ ಮಾಡಿ, ಒಬ್ಬಳೇ ಯೇವೂರು ಗುಡ್ಡಕ್ಕೆ ಹೋಗಿಬಂದೆ.

ನಾನು ಮಾವಶಿ, ಚಿಕ್ಕಮ್ಮ, ಅಂತ ಕರೆಯುತ್ತಿದ್ದ ಸೊಪ್ಪಿನವಳ ನಡುನೆತ್ತಿಯಲ್ಲಿ ಕೂದಲಿರಲಿಲ್ಲ. ಬುಟ್ಟಿ ಹೊತ್ತೂ ಹೊತ್ತೂ ಅಲ್ಲಿ ನುಣ್ಣಗೆ ಸವೆದಿತ್ತು. ಯೇವೂರು ಕಾಡಿನೊಳಗಿನ ವಾರ್ಲಿ ಆದಿವಾಸಿಗಳ ಪಾಡಾ ಅನ್ನುವ ಹಾಡಿಯವಳು. ಠಾಣೆ ಶಹರದ ವರ್ತಕ ನಗರದಲ್ಲಿ ನಮ್ಮ ಬಿಲ್ಡಿಂಗಿನ ಗೇಟಿನ ಪಕ್ಕ ಕಾಡುಸೊಪ್ಪು ಮಾರುತ್ತಿದ್ದಳು. ಮಗಳು ಮದುವೆಯಾಗಿ ಸೀವುಡ್ಸಿಗೆ ಹೋದ ಮೇಲೆ ಹಗಲಲ್ಲಿ ನನ್ನ ಜೊತೆ ಮಾತಾಡುತ್ತಿದ್ದವಳು ಅವಳೊಬ್ಬಳೇ. ತೂತಾದ ಎಲೆ ಬದಿಗಿಟ್ಟರೆ, "ತಿಂದ ಹುಳಕ್ಕೇ ಏನೂ ಆಗಿಲ್ಲ, ನಿಮಗೇನಾಗ್ತದೆ ಬಾಯಿ?" ಅಂತ ನಗುವಳು. 'ಬಾಯಿ' ಅಂದರೆ ಅವಳ ಮರಾಠಿಯಲ್ಲಿ ಅಮ್ಮ ಅಂದ ಹಾಗೆ.

ಮಳೆ ಹಿಡಿದು ಚಿಗುರಿದ ಮೊದಲ ಸೊಪ್ಪನ್ನು ವಾಘೋಬನಿಗೆ, ಅವರ ಹುಲಿದೇವರಿಗೆ, ಒಪ್ಪಿಸದೆ ಅವಳು ಮಾರುತ್ತಿರಲಿಲ್ಲ. ಹೋದ ವರ್ಷ ಮೊಣಕಾಲು ಹಿಡಿದುಕೊಂಡಿತ್ತು. ಮಗನಿಗೆ ಮಹಾಪೆಯಲ್ಲಿ ವಾಚ್‌ಮನ್ ಕೆಲಸ, ರಜೆಯಿಲ್ಲ. "ನೀವೇ ಬನ್ನಿ, ಕೈ ಹಿಡ್ಕೊಳ್ಳಿ" ಅಂದಳು.

ಕಾಲುದಾರಿಯ ಕೊನೆಗೆ ಸಿಂಧೂರ ಬಳಿದ ಕಲ್ಲು. ಅದರ ಮೇಲೆ ಸವೆದ ಹುಲಿ, ಸೂರ್ಯ, ಚಂದ್ರ. "ಠಾಣೆ ಶಹರ ಅನ್ನೋದೇ ಇಲ್ಲದಾಗ ನಮ್ಮವರು ಇದೇ ದಾರೀಲಿ ಬರ್ತಿದ್ರು" ಅಂದಳು. ಸೊಪ್ಪು ಇಟ್ಟಾಯಿತು. ನಾನು ಉಡುಪಿ ಕಡೆಯವಳು, ದೈವದ ಮುಂದೆ ನಿಂತು ಅಭ್ಯಾಸ. ಪ್ರಸಾದಕ್ಕೆ ಕೈಯೊಡ್ಡಿ, ಅಭಯದ ಮಾತಿಗೆ ಕಾದು ನಿಂತೆ.

"ಏನು ಕಾಯ್ತಿದ್ದೀರಿ?"

"ನಮ್ಮೂರಲ್ಲಿ ಹುಲಿದೈವ ಮೈಮೇಲೆ ಬಂದು ಮಾತಾಡ್ತದೆ."

"ಇವ ಬಾಯಿ ಬಿಡೋದಿಲ್ಲ. ಸುದ್ದಿ ನಾವೇ ಹೇಳ್ಬೇಕು."

ಕುಕ್ಕರಗಾಲಿನಲ್ಲಿ ಕೂತು, ಪಾಡಾದಲ್ಲಿ ಹುಟ್ಟಿದವರು, ಸತ್ತವರು, ಕಾಡು ಬಿಟ್ಟು ಶಹರದ ಚಾಳ್‌ಗಳಿಗೆ, ವಠಾರದ ಮನೆಗಳಿಗೆ, ಇಳಿದವರು, ಎಲ್ಲರದ್ದೂ ಹೇಳಿದಳು. ಕೊನೆಗೆ ನನ್ನತ್ತ ಕೈ ತೋರಿಸಿ, "ಇವಳು ಬಿಲ್ಡಿಂಗಿನವಳು. ಒಬ್ಬಳೇ ಇರ್ತಾಳೆ. ನೋಡ್ಕೋ" ಅಂದಳು.

ಇಳಿಯುವಾಗ ಕೇಳಿದಳು: "ನಾನು ಹೋದ ಮೇಲೆ ಇವನಿಗೆ ಹೇಳೋರು ಯಾರು ಬಾಯಿ? ಏನೂ ಗೊತ್ತಾಗದೆ ಕೂತಿರ್ತಾನೆ."

ಈ ಬೇಸಿಗೆಯಲ್ಲಿ ತೀರಿಕೊಂಡಳು. ಮಗ ಗೇಟಿನ ಹತ್ತಿರ ಬಂದು ತಿಳಿಸಿದ. ವಾಘೋಬನಿಗೆ ಹೇಳಿದೆಯಾ ಅಂದರೆ, "ಟೈಮ್ ಎಲ್ಲಿ ಆಂಟಿ?" ಅಂದ.

ಹಾಗಾಗಿ ಇವತ್ತು ನಾನೇ ದಾರಿಬದಿಯ ಎಳೆ ಸೊಪ್ಪು ಕಿತ್ತುಕೊಂಡು ಹೋದೆ. ಮರಾಠಿ ಬಾಯಿಗೆ ಬರಲಿಲ್ಲ. ನಿನಗೆ ಸುದ್ದಿ ತರುತ್ತಿದ್ದವಳು ಹೋದಳು ಅಂತ ತುಳುವಿನಲ್ಲೇ ಹೇಳಿದೆ. ಎದ್ದು ಬರಲು ಮನಸ್ಸಾಗದೆ, ಮಗಳು ಫೋನ್ ಮಾಡದ್ದನ್ನೂ ಹೇಳಿದೆ.

ರಾತ್ರಿ ಹೋಟೆಲಿನಿಂದ ಬಂದ ಯಜಮಾನರು, "ಕಲ್ಲಿನ ಹತ್ರ ಮಾತಾಡ್ಲಿಕ್ಕೆ ಅಷ್ಟು ದೂರ ಹೋದದ್ದಾ ಮಾರಾಯ್ತಿ?" ಅಂತ ನಕ್ಕರು. ಕುಚ್ಚಲಕ್ಕಿ ಗಂಜಿ, ಹೆಸರುಕಾಳಿನ ಪಲ್ಯ ಉಂಡೆವು. ಮೊದಲು ಅವರು ಮಲಗಿದರು.